ವನಜ ಚಿಕ್ಕಮ್ಮನ ಕಾಂಟೆಸ್ಸಾ

ಕಳೆದ ಭಾನುವಾರ ಆರ್.ಟಿ. ನಗರದಿಂದ ಅಟ್ಟೂರಿಗೆ ಹೊರಟವನು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅರ್ಧ ಗಂಟೆ ಟ್ಯಾಕ್ಸಿಯಲ್ಲಿ ಕೂತಿದ್ದೆ. ಮುಂದಿದ್ದ ಲಾರಿಯ ಬ್ರೇಕು ಸುಟ್ಟ ವಾಸನೆ ಕಿಟಕಿಯೊಳಗೆ ನುಗ್ಗಿತು. ಆ ವಾಸನೆ ನಿಮಗೂ ಗೊತ್ತಿರಬಹುದು. ಒಲೆಯ ಮೇಲೆ ಹವಾಯಿ ಚಪ್ಪಲಿ ಇಟ್ಟು ಮರೆತು ಬಂದ ಹಾಗಿರುತ್ತದೆ. ಚಾಲಕ ಮೂಗು ಮುಚ್ಚಿಕೊಂಡ. ನನಗೆ ವನಜ ಚಿಕ್ಕಮ್ಮ ನೆನಪಾದರು. ಒಬ್ಬ ಗೌರವಸ್ಥ ಹೆಂಗಸನ್ನು ಇಂಥ ನಾತದ ಮೂಲಕ ನೆನೆಯುವುದು ಸರಿಯಲ್ಲವೆಂದು ನಿಮಗನ್ನಿಸಬಹುದು. ಅವರಿಗೆ ಹಾಗನ್ನಿಸುವುದಿಲ್ಲ. ಹೇಳಿದರೆ ಖುಷಿಯೇ ಪಡುತ್ತಾರೆ.

ವನಜ ಚಿಕ್ಕಮ್ಮ ನನ್ನ ತಾಯಿಯ ಕೊನೆಯ ತಂಗಿ. ನನಗಿಂತ ಹತ್ತೇ ವರ್ಷಕ್ಕೆ ದೊಡ್ಡವರು. ಮೂವತ್ತೈದು ವರ್ಷ ದನದ ಡಾಕ್ಟರಾಗಿ ಹೆಬ್ಬಾಳದ ಸುತ್ತಮುತ್ತಲ ಹಸು, ಎಮ್ಮೆ, ಕುದುರೆಗಳ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ಎಳೆದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಟೈಮ್ ಆಗಲಿಲ್ಲ ಎನ್ನುತ್ತಿದ್ದರು, ಬಸ್ಸು ತಪ್ಪಿದ್ದನ್ನು ಹೇಳುವಷ್ಟೇ ಸಲೀಸಾಗಿ. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ, ಇನ್ನು ಮೇಲಾದರೂ ಆರಾಮಾಗಿ ತೀರ್ಥಯಾತ್ರೆ ಮಾಡಿ ಎಂದು ಹಾರೈಸಿದರು. ಚಿಕ್ಕಮ್ಮ ಶಾಲು ಮಡಚಿಟ್ಟು ದೇವನಹಳ್ಳಿ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋದರು. ಅಲ್ಲಿನ ಶೆಡ್ಡಿನಲ್ಲಿ ಒಂದು ಹಳೇ ಕಾಂಟೆಸ್ಸಾ ಕಾರು ನಿಂತಿರುವುದನ್ನು ಅವರು ಹಸುವೊಂದರ ಚಿಕಿತ್ಸೆಗೆ ಹೋದಾಗ ನೋಡಿಟ್ಟಿದ್ದರು.

ಕಾಂಟೆಸ್ಸಾ ನೋಡಿರದ ಕಿರಿಯರಿಗೆ ಎರಡು ಮಾತು. ಉದ್ದ ಮೂತಿ, ಅಗಲ ಭುಜ, ಚೌಕ ಬೆನ್ನು. ಅಮೆರಿಕದವರು ಮಸಲ್ ಕಾರು ಎನ್ನುತ್ತಾರಲ್ಲ, ರಸ್ತೆಯಲ್ಲಿ ತೋಳು ಮಡಚಿ ತೋರಿಸಿಕೊಂಡು ಹೋಗುವ ಪೈಲ್ವಾನನಂಥ ಕಾರು, ನಮ್ಮ ಪಾಲಿಗೆ ಅದು ಇದೇ. ನಾನು ಹುಡುಗನಾಗಿದ್ದಾಗ ಇದರಿಂದ ಇಳಿಯುವವರು ಬಿಳಿ ಸಫಾರಿ ತೊಟ್ಟಿರುತ್ತಿದ್ದರು. ಶೆಡ್ಡಿನಲ್ಲಿದ್ದ ಪೈಲ್ವಾನನಿಗೆ ಮಾತ್ರ ವಯಸ್ಸಾಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ತೋಟದವನು ಕೋಳಿಯನ್ನು ಎಬ್ಬಿಸಲು ಹೋದರೆ ಚಿಕ್ಕಮ್ಮ ತಡೆದರು. ಮರಿಗಳು ಹೊರಬಂದ ಮೇಲೆಯೇ ಕಾರು ಹೊರಬಂತು.

ಗೊರಗುಂಟೆಪಾಳ್ಯದ ಒಳರಸ್ತೆಯಲ್ಲಿ ಗಫೂರ್ ಭಾಯಿಯ ಗ್ಯಾರೇಜು. ಅರವತ್ತರ ಸಮೀಪದ, ಮೆಲುಮಾತಿನ ಮನುಷ್ಯ. ಹಳೇ ಕಾರುಗಳ ವಿಷಯದಲ್ಲಿ ಮಡಿವಂತ. ಹಳೆಯದನ್ನು ಹಳೆಯದಾಗಿಯೇ ರಿಪೇರಿ ಮಾಡಬೇಕು, ಒಂದು ಮೊಳೆಯೂ ಆ ಕಾಲದ್ದೇ ಆಗಿರಬೇಕು ಎನ್ನುವುದು ಅವರ ಸಿದ್ಧಾಂತ. ಚಿಕ್ಕಮ್ಮನದು ಶಸ್ತ್ರಚಿಕಿತ್ಸಕರ ಸಿದ್ಧಾಂತ. ಸ್ಟೆತಾಸ್ಕೋಪನ್ನು ಎಂಜಿನ್ನಿಗೆ ಹಚ್ಚಿ ಕಣ್ಣು ಮುಚ್ಚಿ ಆಲಿಸಿ, ಎಲುಬು ಗಟ್ಟಿಯಿದೆ, ಹೃದಯ ಬದಲಾಯಿಸಬೇಕು ಎಂದರು. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಹೊಸ ಕಾರೊಂದರ ಟರ್ಬೊ ಎಂಜಿನ್, ಅದರ ಆರು ಗೇರಿನ ಪೆಟ್ಟಿಗೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಪವರ್ ಸ್ಟೀರಿಂಗು, ಎಂಜಿನ್ನಿಗೆ ಬುದ್ಧಿ ಹೇಳುವ ಕಂಪ್ಯೂಟರ್ ಡಬ್ಬಿ: ಪಟ್ಟಿ ಓದಿ ಗಫೂರ್ ಭಾಯಿ ಬೆಂಚಿನ ಮೇಲೆ ಕೂತರು. ಮೂರು ದಿನ ಯೋಚಿಸಿ ಒಪ್ಪಿದರು. ಒಪ್ಪಿದ್ದು ಯಾಕೆ ಎಂದು ಆಮೇಲೆ ಕೇಳಿದ್ದೆ. ಡಾಕ್ಟ್ರಮ್ಮ ಬೇರೆ ಯಾರ ಹತ್ರಾನೋ ಹೋಗಿ ಕೆಡಿಸಿಕೊಂಡು ಬರುವುದನ್ನು ನೋಡಲಾರೆನೆಂದರು.

ಈ ಕಥೆಯಲ್ಲಿ ನಾನೆಲ್ಲಿ ಬಂದೆ? ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಸ್ಪ್ಯಾನರು ಹಿಡಿದರೆ ನಟ್ಟಿಗೇ ನಗು ಬರುತ್ತದೆ. ಬಿಡಿಭಾಗಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಪುಸ್ತಿಕೆಗಳನ್ನು ಜೋರಾಗಿ ಓದಿ ಹೇಳುವುದು ನನ್ನ ಕೆಲಸ. ಉತ್ಸಾಹದಲ್ಲಿ ಒಮ್ಮೆ ಟರ್ಬೊಗೆ ‘ಉಸಿರೊತ್ತುಗ’ ಎಂಬ ಪದ ಟಂಕಿಸಿದೆ. ಗಫೂರ್ ಭಾಯಿ ಬಹಳ ಹೊತ್ತು ಗೌರವದಿಂದ ಯೋಚಿಸಿ, "ಟರ್ಬೊ ಅಂತಾನೇ ಇರ್ಲಿ ಬಿಡಿ ಸಾರ್, ಪಾಪ" ಎಂದರು. ಪಾಪ ಎಂದದ್ದು ಟರ್ಬೊಗೋ ನನಗೋ ಗೊತ್ತಾಗಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಎಂಜಿನ್ ಕೂರಿಸಲು ಅಡಿಯಲ್ಲಿ ಕಬ್ಬಿಣದ ಹೊಸ ತೊಟ್ಟಿಲು ಮಾಡಬೇಕಾಯಿತು. ರೇಡಿಯೇಟರನ್ನು ಮೂರು ಸಲ ಕೂರಿಸಿ ಮೂರು ಸಲ ಕಿತ್ತರು. ಎಂಜಿನ್ ಬದಲಿಸಿದ್ದಕ್ಕೆ ಸರಕಾರದ ಒಪ್ಪಿಗೆಯ ಕಾಗದವನ್ನು ಚಿಕ್ಕಮ್ಮ ಮಗುವಿನ ಜಾತಕದಂತೆ ಪ್ಲಾಸ್ಟಿಕ್ ಹೊದಿಸಿ ತಂದರು. ಮೊದಲ ಸಲ ಎಂಜಿನ್ ಶುರುವಾದಾಗ ಪಕ್ಕದ ಟೀ ಅಂಗಡಿಯ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಚಿಕ್ಕಮ್ಮನ ಕಣ್ಣು ಒದ್ದೆಯಾಯಿತು. ಗಫೂರ್ ಭಾಯಿ ಕೈ ಒರೆಸಿಕೊಳ್ಳುತ್ತ ಒಂದೇ ಷರತ್ತು ಹೇಳಿದರು: ಡಿಸ್ಕ್ ಬ್ರೇಕು ಕೊಯಮತ್ತೂರಿನಿಂದ ಬರುವ ತನಕ ಗಾಡಿ ಗೇಟು ದಾಟಬಾರದು. ಹೊಸ ಎಂಜಿನ್ನಿನ ವೇಗವನ್ನು ಹಳೇ ಬ್ರೇಕು ತಡೆಯಲಾರದು. ಚಿಕ್ಕಮ್ಮ ಆಗಲಿ ಎಂದರು. ನಾನು ಸಾಕ್ಷಿ.

ಮುಂದಿನ ಶುಕ್ರವಾರ ಮಧ್ಯಾಹ್ನ ಗಫೂರ್ ಭಾಯಿ ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ನಮಾಜಿಗೆ ಹೋದರು. ನಾನು ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಕಂಪ್ಯೂಟರ್ ಡಬ್ಬಿಯ ಪುಸ್ತಿಕೆ ಓದುತ್ತಿದ್ದೆ. ಚಿಕ್ಕಮ್ಮ ಮೊಳೆಯಿಂದ ಕೀಲಿ ತೆಗೆದುಕೊಂಡು ಬಂದು ಕೂತು ಬಾಗಿಲು ಹಾಕಿಕೊಂಡರು. "ಎರಡೇ ನಿಮಿಷ ಕಣೋ. ರಿಂಗ್ ರೋಡ್ ನೋಡ್ಕೊಂಡು ಬಂದ್ಬಿಡೋಣ."

ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಈಗ ಸುಳ್ಳೇಕೆ, ನನಗೂ ಆಸೆಯಿತ್ತು. ಅವರು ಕಾಲು ಒತ್ತಿದ ಕೂಡಲೇ ಬೆನ್ನು ಸೀಟಿಗೆ ಅಂಟಿತು, ಪುಸ್ತಿಕೆ ಕೈಯಿಂದ ಹಾರಿ ಹಿಂದಕ್ಕೆ ಹೋಯಿತು. ಅರವತ್ತೆರಡರ ಚಿಕ್ಕಮ್ಮ ಸ್ಕೂಲು ಬಿಟ್ಟ ಹುಡುಗಿಯಂತೆ ನಗುತ್ತಿದ್ದರು. ನಾನೂ ನಕ್ಕೆ. ಸರ್ವಿಸ್ ರಸ್ತೆಗೆ ಇಳಿದಾಗ ಎದುರಿಗೆ ಒಬ್ಬ ಮುದುಕ ಸೀಬೆಹಣ್ಣಿನ ತಳ್ಳುಗಾಡಿಯನ್ನು ಅಡ್ಡ ದಾಟಿಸುತ್ತಿದ್ದ. ಚಿಕ್ಕಮ್ಮ ಬ್ರೇಕ್ ಒತ್ತಿದರು. ವೇಗ ಕಡಿಮೆಯಾಯಿತು, ಕಾರು ನಿಲ್ಲಲಿಲ್ಲ. ಎದ್ದು ನಿಂತವರ ಹಾಗೆ ಇಡೀ ಮೈಭಾರ ಹಾಕಿದರು. ಆಗ ಬಂತು ಆ ವಾಸನೆ. ಕೊನೆಯ ಗಳಿಗೆಯಲ್ಲಿ ಎಡಕ್ಕೆ ತಿರುಗಿಸಿದರು. ಕಾರು ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ಹೂತು ನಿಂತಿತು. ಅದರ ಹಿಂಭಾಗ ಗಾಡಿಗೆ ತಾಗಿತ್ತು. ಹಣ್ಣು ರಸ್ತೆ ತುಂಬ ಉರುಳಿದವು. ಮುದುಕ ಕೈ ಹಿಡಿದುಕೊಂಡು ನೆಲದಲ್ಲಿ ಕೂತಿದ್ದ.

ನಾನು ಇಳಿಯುವಷ್ಟರಲ್ಲಿ ಚಿಕ್ಕಮ್ಮ ಅವನ ಪಕ್ಕ ಮಂಡಿಯೂರಿದ್ದರು. ಮಣಿಕಟ್ಟು ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ ಎಂದು, ಸೀರೆಯ ಸೆರಗು ಹರಿದು, ನನ್ನ ಪುಸ್ತಿಕೆಯನ್ನೇ ದಬ್ಬೆಯಾಗಿಟ್ಟು ಕಟ್ಟಿದರು. ಮುದುಕ ಅವರ ಮುಖವನ್ನೇ ನೋಡುತ್ತಿದ್ದ.

"ಆರನ್ ಆದ್ರೂ ಒಡೀಬಾರ್ದೇನಮ್ಮ?" ಎಂದ.

ಚಿಕ್ಕಮ್ಮ ಕಟ್ಟಿನ ಗಂಟು ಬಿಗಿದು ಹೇಳಿದರು: "ಹಾರನ್ ಇನ್ನೂ ಹಾಕ್ಸಿಲ್ಲಪ್ಪ."

ಅದಕ್ಕಿಂತ ಕೆಟ್ಟ ಉತ್ತರ ಅವರು ಜನ್ಮದಲ್ಲಿ ಕೊಟ್ಟಿರಲಿಕ್ಕಿಲ್ಲ. ಹಾರನ್ನಿನ ವೈರು ಇನ್ನೂ ಡ್ಯಾಶ್‌ಬೋರ್ಡಿನ ಕೆಳಗೆ ಜೋತಾಡುತ್ತಿತ್ತು.

ಮುದುಕನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹೆಸರು ಮುನಿಶಾಮಪ್ಪ. ಉಳುಕು ಮಾತ್ರ, ಮೂರು ವಾರ ಕೈಗೆ ಕೆಲಸ ಕೊಡಬಾರದು ಎಂದರು ಅಲ್ಲಿನ ಡಾಕ್ಟರು. ನಾವು ವಾಪಸು ಬಂದಾಗ ಗಫೂರ್ ಭಾಯಿ ಮರಳಿನ ಗುಡ್ಡೆಯ ಬಳಿ ನಿಂತಿದ್ದರು. ಕಾರನ್ನು ನೋಡಿದರು, ಅರ್ಧ ಸೆರಗಿನ ಚಿಕ್ಕಮ್ಮನನ್ನು ನೋಡಿದರು. ಅವರು ಬೈದಿದ್ದರೆ ವಾಸಿಯಿತ್ತು. ಸುಮ್ಮನೆ ಕೈ ಚಾಚಿದರು. ಚಿಕ್ಕಮ್ಮ ಕೀಲಿ ಇಟ್ಟರು. ಅಷ್ಟೇ.

ಆಮೇಲೆ ಐದು ತಿಂಗಳು ಚಿಕ್ಕಮ್ಮ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮೂವತ್ತು ವರ್ಷದಿಂದ ಓಡಿಸುತ್ತಿದ್ದ ಸ್ಕೂಟರನ್ನೂ ಮುಟ್ಟಲಿಲ್ಲ. ಮೂರು ವಾರ ಮುನಿಶಾಮಪ್ಪನ ಗಾಡಿಯನ್ನು ಅವನ ಮಗ ತಳ್ಳಿದ, ಇವರು ದಿನವೂ ಬಸ್ಸು ಹತ್ತಿ ಹೋಗಿ ಪಕ್ಕದಲ್ಲಿ ನಿಂತು ಹಣ್ಣು ತೂಗಿದರು. ಕೈ ವಾಸಿಯಾದ ಮೇಲೂ ವಾರಕ್ಕೊಮ್ಮೆ ಹೋಗಿ ಬುಟ್ಟಿಗಟ್ಟಲೆ ಕೊಂಡು ನನ್ನ ಮನೆಗೆ ಸಾಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಸೀಬೆಹಣ್ಣಿನ ಪಲ್ಯ, ಸೀಬೆಹಣ್ಣಿನ ಗೊಜ್ಜು, ಕೊನೆಗೆ ಸೀಬೆಹಣ್ಣಿನ ಸಾರು ಕೂಡ ಆಯಿತು. ಹೆಂಡತಿ ನನ್ನನ್ನು ಆ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕಾರಿನ ಮಾತೆತ್ತಿದರೆ ಚಿಕ್ಕಮ್ಮ ಎದ್ದುಹೋಗಿ ಹಣ್ಣು ಹೆಚ್ಚಲು ಕೂರುತ್ತಿದ್ದರು. ಒಂದು ಸಲ ಮಾತ್ರ, ಮಣಿಕಟ್ಟಿನ ಬದಲು ತಲೆಯಾಗಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ದಿನ ಅವರ ಪಕ್ಕ ಕೂತು ನಕ್ಕವನು ನಾನೇ ತಾನೆ.

ಒಂದು ಬೆಳಗ್ಗೆ ನಾನು ಅಟ್ಟೂರಿನ ಅವರ ಮನೆಯಲ್ಲಿದ್ದಾಗ ಗೇಟಿನ ಮುಂದೆ ಗುಡುಗಿದ ಸದ್ದಾಯಿತು. ಕಡುನೀಲಿ ಬಣ್ಣ ಬಳಿದ ಕಾಂಟೆಸ್ಸಾ ನಿಂತಿತ್ತು. ಗಫೂರ್ ಭಾಯಿ ಚಾಲಕನ ಸೀಟಿನಿಂದ ಇಳಿದು, ಯಾರಿಗೂ ಮುಖ ಕೊಡದೆ ಹಿಂದಿನ ಸೀಟಿಗೆ ಹೋಗಿ ಕೂತರು. ಮುಂದಿನ ಸೀಟಿನಿಂದ ಇಳಿದದ್ದು ಅವರ ಹೆಂಡತಿ ಜರೀನಾ. ದಪ್ಪ ಕನ್ನಡಕದ, ಗಿಡ್ಡನೆಯ, ದೃಢವಾದ ಹೆಂಗಸು. ನಾವು ಅವರನ್ನು ನೋಡಿದ್ದು ಅದೇ ಮೊದಲು. ತಂಗಿ ಮತ್ತು ಅವಳ ಗಂಡನ ಜೊತೆ ಮೆಕ್ಕಾಗೆ, ಉಮ್ರಾ ಯಾತ್ರೆಗೆ ಹೊರಟಿದ್ದೇನೆ, ಅವರು ನೇರ ವಿಮಾನ ನಿಲ್ದಾಣಕ್ಕೆ ಬರುತ್ತಾರೆ, ವಿಮಾನಕ್ಕೆ ಇನ್ನೂ ಐದು ಗಂಟೆ ಹೊತ್ತಿದೆ, ನನ್ನನ್ನು ಡಾಕ್ಟ್ರಮ್ಮನೇ ಅಲ್ಲಿಗೆ ಬಿಡಬೇಕು ಎಂದರು. ನೈಟಿಯಲ್ಲಿ ನಿಂತಿದ್ದ ಚಿಕ್ಕಮ್ಮ ತಾನು ಗಾಡಿ ಓಡಿಸುವುದನ್ನೇ ಬಿಟ್ಟಾಯಿತೆಂದರು. ಜರೀನಾ ಕೇಳಿಸಿಕೊಂಡು ಜಗಲಿಯ ಮೇಲೆ ಕೂತರು.

"ಎರಡು ವರ್ಷದಿಂದ ನಮ್ಮನೇಲಿ ಊಟಕ್ಕೆ ಕೂತ್ರೆ ನಿಮ್ಮ ಕಾರಿಂದೇ ಮಾತು. ಈಗ ಐದು ತಿಂಗಳಿಂದ ಒಂದೇ ಮಾತು. ಕೀಲಿ ಮೊಳೆಗೆ ಹಾಕಿ ಹೋಗಿದ್ದು ನಂದೇ ತಪ್ಪು ಅಂತಾರೆ ಇವರು. ನಿಮ್ದು ತಪ್ಪು ಅಂತ ನೀವು ಮನೇಲಿ ಕೂತಿದೀರ. ತಪ್ಪು ಇಬ್ರುದೂ ಇದೆ, ಹಂಚ್ಕೊಳ್ಳಿ. ನನಗೆ ಫ್ಲೈಟ್ ಇದೆ."

ಚಿಕ್ಕಮ್ಮ ಹಿಂದಿನ ಸೀಟಿನತ್ತ ನೋಡಿದರು. ಗಫೂರ್ ಭಾಯಿ ಕಿಟಕಿಯಾಚೆಯ ತೆಂಗಿನ ಮರವನ್ನು ಅದರಲ್ಲೇನೋ ದೋಷವಿರುವಂತೆ ಪರೀಕ್ಷಿಸುತ್ತಿದ್ದರು. ಆ ಕೀಲಿಯ ತಪ್ಪನ್ನು ಅವರೂ ಹೊತ್ತಿದ್ದಾರೆಂದು ಚಿಕ್ಕಮ್ಮನಿಗೆ ಹೊಳೆದೇ ಇರಲಿಲ್ಲ. ನನಗೂ. ಅವರು ಒಳಗೆ ಹೋಗಿ ಸೀರೆಯುಟ್ಟು ಬಂದರು. ನಾನು ಗಫೂರ್ ಭಾಯಿಯ ಪಕ್ಕ ಹತ್ತಿ ಕೂತೆ. ಚಾಲಕನ ಸೀಟಿನಲ್ಲಿ ಕೂತ ಚಿಕ್ಕಮ್ಮ ಮೊದಲು ಮಾಡಿದ ಕೆಲಸ, ಹಾರನ್ ಒತ್ತಿದ್ದು. ಬೀದಿಯ ನಾಯಿಗಳೆಲ್ಲ ಎದ್ದವು.

ಯಲಹಂಕ ದಾಟುವವರೆಗೆ ಎತ್ತಿನಗಾಡಿಯ ವೇಗ. ಹಿಂದಿನವರು ಬೈದುಕೊಂಡು ಮುಂದೆ ಹೋದರು. ವಿಮಾನ ನಿಲ್ದಾಣದ ರಸ್ತೆಗೆ ಏರಿದ ಮೇಲೆ ಎಂಜಿನ್ ತಾನೇ ಉಸಿರು ಬಿಟ್ಟುಕೊಂಡಿತು, ಚಿಕ್ಕಮ್ಮನ ಭುಜವೂ ಸಡಿಲಾಯಿತು. ಆಗಲೇ ಎದುರಿನ ಟ್ಯಾಕ್ಸಿಯೊಂದು ಕಾರಣವಿಲ್ಲದೆ ಗಕ್ಕನೆ ನಿಂತಿತು. ಚಿಕ್ಕಮ್ಮ ಬ್ರೇಕ್ ಒತ್ತಿದರು. ನಾವೆಲ್ಲ ಮುಂದೆ ಬಾಗಿ ಹಿಂದಕ್ಕೆ ಬಂದೆವು. ಕೊಯಮತ್ತೂರಿನ ಡಿಸ್ಕ್ ಬ್ರೇಕು ಹಿಡಿದು ಕಾರು ನಿಂತಿತ್ತು. ಟ್ಯಾಕ್ಸಿಗೂ ನಮಗೂ ನಡುವೆ ಒಂದು ಹಸು ಆರಾಮಾಗಿ ಮಲಗಬಹುದಿತ್ತು. ಯಾವ ವಾಸನೆಯೂ ಬರಲಿಲ್ಲ. ಜರೀನಾ ಕನ್ನಡಕ ಸರಿಮಾಡಿಕೊಂಡು, "ಇನ್ನೊಂದ್ ಸಲ ಹಾಕಿ, ನೋಡೋಣ" ಎಂದರು. ಹಿಂದಿನಿಂದ ಗಫೂರ್ ಭಾಯಿ, ಬೇಡ ಎಂದರು. ಕನ್ನಡಿಯಲ್ಲಿ ಚಿಕ್ಕಮ್ಮ ಅವರನ್ನು ನೋಡಿದರು, ಅವರೂ ನೋಡಿದರು. ಕ್ಷಮೆ ಕೇಳುವುದು ಕೊಡುವುದು ಎಲ್ಲ ಅಷ್ಟರಲ್ಲೇ ಮುಗಿಯಿತು. ಪಾಠ ಹೇಳುವವನಾದ್ದರಿಂದ ನಾನು ಒಂದು ಒಳ್ಳೆಯ ವಾಕ್ಯ ಹುಡುಕುತ್ತಿದ್ದೆ. ಸಿಗುವಷ್ಟರಲ್ಲಿ ನಿಲ್ದಾಣ ಬಂದಿತ್ತು.

ಇದಾಗಿ ಎರಡು ವರ್ಷವಾಯಿತು. ಕಳೆದ ಭಾನುವಾರ ಹೆಬ್ಬಾಳ ದಾಟಿ ನಾನು ಅಟ್ಟೂರು ತಲುಪಿದಾಗ ಮಧ್ಯಾಹ್ನವಾಗಿತ್ತು. ಹೊಸ ಬಡಾವಣೆಯ ಮನೆಗಳಿಲ್ಲದ ಉದ್ದ ರಸ್ತೆಯಲ್ಲಿ ಕಾಂಟೆಸ್ಸಾ ನಿಂತಿತ್ತು. ಗಫೂರ್ ಭಾಯಿ ಮೋರಿಯ ಕಟ್ಟೆಯ ಮೇಲೆ ಕಾರಿಗೆ ಬೆನ್ನು ಹಾಕಿ ಕೂತಿದ್ದರು. ನೋಡಲು ಧೈರ್ಯವಿಲ್ಲ ಸಾರ್, ಸದ್ದು ಕೇಳಿಸಿಕೊಂಡರೆ ಸಾಕು ಎಂದರು. ಚಾಲಕನ ಸೀಟಿನಲ್ಲಿ, ಬೆನ್ನಿಗೆ ದಿಂಬಿಟ್ಟುಕೊಂಡು, ಜರೀನಾ ಇದ್ದರು. ಕಲಿಕೆಯ ಲೈಸೆನ್ಸು ಬಂದು ಒಂದು ವಾರವಾಗಿತ್ತು. ಪಕ್ಕದಲ್ಲಿ ಚಿಕ್ಕಮ್ಮ.

ನನಗೆ ಹಿಂದೆ ಕೂರಲು ಸನ್ನೆ ಮಾಡಿದರು. ಕೂತೆ. ಎಂಜಿನ್ ಎರಡು ಸಲ ಕೆಮ್ಮಿ ಆರಿತು. ಮೂರನೆಯ ಸಲ ಕಾರು ಮೊಲದಂತೆ ನೆಗೆದು, ಆಮೇಲೆ ನೆಟ್ಟಗೆ ಹೊರಟಿತು. ಎರಡನೆಯ ಗೇರು ಬಿತ್ತು. ಚಿಕ್ಕಮ್ಮ ಸ್ಟೀರಿಂಗಿನ ಹತ್ತಿರ ಚಾಚಿದ್ದ ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡರು.

"ಯಾವ ಕಡೆ ಹೋಗೋಣ?" ಜರೀನಾ ಕೇಳಿದರು.

ಆ ರಸ್ತೆಯಲ್ಲಿ ತಿರುಗುವುದಕ್ಕೆ ಇದ್ದದ್ದು ಒಂದೇ ಕಡೆ. ಆದರೂ ಚಿಕ್ಕಮ್ಮ ಮುಂದಕ್ಕೆ ಬಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಯೋಚಿಸಿ ಹೇಳಿದರು:

"ನಿಮ್ಮಿಷ್ಟ."