ಹೊಳೆಯ ಕಡೆಗೆ ತಿರುಗಿದ ಜೀಪು

ನಾನು ಆಗ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೇಸಿಗೆ ರಜೆಯಲ್ಲಿ ಪಾಠವೂ ಇಲ್ಲ, ಸಂಬಳವೂ ಇಲ್ಲ. ಆ ಹೊತ್ತಿಗೆ ಸಮೀಕ್ಷೆಯ ಕೆಲಸವೊಂದು ಸಿಕ್ಕಿತು. ರಾಜ್ಯದ ಬಜೆಟ್ ಬಗ್ಗೆ, ಮೀನುಗಾರಿಕೆ ನೀತಿಯ ಬಗ್ಗೆ ಮತದಾರರು ಏನನ್ನುತ್ತಾರೆಂದು ಕೇಳಿ, ಅವರ ಉತ್ತರವನ್ನು ಫೋನಿನಲ್ಲಿ ತುಂಬಿಸಬೇಕು. ರಾಯಚೂರು ನಗರ, ದೇವದುರ್ಗ, ಮಾನ್ವಿ ನನ್ನ ಪಾಲಿಗೆ ಬಂದವು.

ನಗರದಲ್ಲಿ ಏನೂ ಕಷ್ಟವಾಗಲಿಲ್ಲ. ಮೀನು ಮಾರುವ ಹೆಂಗಸರು ನನ್ನ ಪ್ರಶ್ನೆ ಮುಗಿಯುವವರೆಗೂ ಕಾಯಲಿಲ್ಲ. "ಬಜೆಟ್ ಹಂಗಿರ್ಲಿ ಮೇಡಂ, ಇಲ್ಲಿ ನೆಳ್ಳಿಲ್ಲ, ಐಸ್ ಕರಗಿ ಹೊಂಟದ. ಅದನ್ನ ಮೊದಲ ಬರಕೋರಿ" ಎಂದು ದಬಾಯಿಸಿದರು. ನಗುತ್ತಾ ಮನೆಗೆ ಬಂದೆ. ಅಭಿಪ್ರಾಯ ಹೇಳುವುದಕ್ಕೂ ಜನ ಹೆದರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಮರುದಿನ ದೇವದುರ್ಗ ತಾಲ್ಲೂಕಿನ ಒಂದು ಊರಿಗೆ ಹೋದೆ. ಒಂದು ಮಗ್ಗುಲಿಗೆ ಕೃಷ್ಣಾ ಹೊಳೆ, ಇನ್ನೊಂದು ಮಗ್ಗುಲಿಗೆ ದೊಡ್ಡ ಕೆರೆ. ಮೀನು ಹಿಡಿಯುವವರ ಓಣಿಯಲ್ಲಿ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ ಒಬ್ಬ ಯುವಕ ಸಿಕ್ಕ. ಕೆರೆಗಳನ್ನು ಟೆಂಡರ್‌ಗೆ ಕೊಡಬೇಕೋ, ಮೀನುಗಾರರ ಸಂಘಕ್ಕೆ ಕೊಡಬೇಕೋ ಎಂದು ಕೇಳಿದೆ. ಅವನು ಓಣಿಯ ಆ ತುದಿ ಈ ತುದಿ ನೋಡಿದ.

"ನಮ್ ಕೆರಿ ಟೆಂಡರ್ ಹಿಡದಾವರು ನಮಗ ನೀರಿಗಿ ಇಳ್ಯಾಕ ಬಿಡಂಗಿಲ್ರೀ. ಹೋದ ತಿಂಗಳ ನನ್ ಬಲಿ ಕೊಯ್ದು ಒಗದ್ರು. ನಾ ಹೇಳೀನಂತ ಎಲ್ಲೂ ಅನಬ್ಯಾಡ್ರಿ."

ಹೆಸರು ಕೇಳುವುದಿಲ್ಲವೆಂದು ಹೇಳಿ ನಾನು ಮುಂದೆ ಹೋದೆ. ಊರ ಕಟ್ಟೆಯ ಹತ್ತಿರ ಜನ ಕೂಡಿದ್ದರು. ಅವರನ್ನೂ ಅದೇ ಪ್ರಶ್ನೆ ಕೇಳುತ್ತಿದ್ದಾಗ ಬಿಳಿ ಜೀಪೊಂದು ಬಂದು ನಿಂತಿತು. ಮಾತಾಡುತ್ತಿದ್ದವರು ಬಾಯಿ ಮುಚ್ಚಿದರು. ಇಳಿದವನು ನಡುವಯಸ್ಸಿನ, ನಗುಮುಖದ ಮನುಷ್ಯ. ಕೆರೆಯ ಗುತ್ತಿಗೆ ಹಿಡಿದವನು ಅವನೇ ಎಂದು ಯಾರೂ ಹೇಳಬೇಕಾಗಲಿಲ್ಲ.

"ಕೇಳ್ರಿ ಮೇಡಂ, ಕೇಳ್ರಿ. ನಮ್ಮೂರಾಗ ಎಲ್ಲಾ ಚಲೋ ಅದ. ಹೌದಿಲ್ರೆಪಾ?"

"ಹೌದ್ರೀ, ಚಲೋ ಅದ" ಎಂದು ಎಲ್ಲರೂ ಅಂದರು. ಆಮೇಲೆ ನಾನು ಏನು ಕೇಳಿದರೂ ಅದೇ ಉತ್ತರ. ಹೊರಡಲು ಎದ್ದಾಗ ಅವನು ಜೀಪಿನ ಮುಂಬಾಗಿಲು ತೆರೆದ.

"ಬಸ್ ಈಗಿಲ್ಲ. ಬಿಸಿಲಾಗ ಯಾಕ ನಿಂದರ್ತೀರಿ? ದೇವದುರ್ಗಕ್ಕ ಬಿಡ್ತೀನಿ, ಬರ್ರಿ."

ಬೇಡವೆನ್ನಬೇಕಿತ್ತು. ಆದರೆ ಅಷ್ಟು ಜನರೆದುರು ಅಷ್ಟು ಮರ್ಯಾದೆಯಿಂದ ಕರೆದವನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಹತ್ತಿ ಕುಳಿತೆ. ಹಿಂದಿನ ಸೀಟಿನಲ್ಲಿ ಆಗಲೇ ಒಬ್ಬ ಆಳು ಕೂತಿದ್ದ. ಅವನು ನನ್ನ ಕಡೆ ನೋಡಲಿಲ್ಲ. ಜೀಪು ಹೊರಟೊಡನೆ ಬಾಗಿಲುಗಳು ಟಕ್ಕೆಂದು ಲಾಕ್ ಆದವು.

ಊರು ದಾಟಿದ ಮೇಲೆ ಅವನು ಟಾರು ರಸ್ತೆ ಬಿಟ್ಟು ಎಡಕ್ಕೆ, ಕಚ್ಚಾ ದಾರಿಗೆ ತಿರುಗಿಸಿದ.

"ಇದು ದೇವದುರ್ಗದ ದಾರಿ ಅಲ್ಲಲ್ಲ?" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

"ಹೊಳಿ ನೋಡ್ಕೊಂಡು ಹೋಗೂಣು. ಮೀನದ ಬಗ್ಗಿ ಕೇಳಾಕ ಬಂದೀರಿ, ಹೊಳಿ ನೋಡದಿದ್ರ ಹ್ಯಾಂಗ?"

ಎರಡೂ ಬದಿ ಜಾಲಿಕಂಟಿ. ಒಂದು ನರಪಿಳ್ಳೆ ಇಲ್ಲ. ಫೋನು ತೆಗೆದು ಗಂಡನಿಗೆ ಕರೆ ಮಾಡಲು ನೋಡಿದೆ. ನೆಟ್‌ವರ್ಕ್ ಇರಲಿಲ್ಲ. "ಇಲ್ಲಿ ಸಿಗ್ನಲ್ ಬರಂಗಿಲ್ರೀ" ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದೆ.

ದಂಡೆಯ ಮೇಲೆ ಜೀಪು ನಿಲ್ಲಿಸಿದ. ನೀರು ತೀರ ಕಡಿಮೆಯಾಗಿ ನಡುನಡುವೆ ಬಂಡೆಗಳು ಎದ್ದಿದ್ದವು. "ಅಲ್ಲಿ ಮೊಸಳಿ ಬಿಸಿಲು ಕಾಯ್ತಾವ" ಎಂದು ಬೆರಳು ತೋರಿಸಿದ. ನನಗೆ ಬಂಡೆಯಷ್ಟೇ ಕಂಡಿತು. ಅವನು ಎಂಜಿನ್ ಆರಿಸಿದ.

"ಓಣಿಯಾಗ ಕೆರಿ ಬಗ್ಗಿ ಯಾರೋ ಏನೋ ಅಂದ್ರಂತಲ್ಲ. ಯಾರ್ರೀ?"

"ನಾವು ಹೆಸರು ಕೇಳಲ್ಲ ಸರ್."

"ಹೆಸರು ಬ್ಯಾಡ. ಮನಿ ಹೇಳ್ರಿ ಸಾಕು."

ಬಲೆ ಹೆಣೆಯುತ್ತಿದ್ದ ಯುವಕನ ಕೈಗಳಲ್ಲದೆ ಬೇರೇನೂ ನನಗೆ ನೆನಪಾಗುತ್ತಿರಲಿಲ್ಲ. ಇನ್ನೊಮ್ಮೆ ಕೇಳಿದರೆ ಹೇಳಿಬಿಡುತ್ತೇನೇನೋ ಎಂಬ ಭಯ, ಗುತ್ತಿಗೆದಾರನ ಭಯಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿತ್ತು. ಹೊಳೆಯ ಕಡೆ ಮುಖ ತಿರುಗಿಸಿದೆ. ಅವನು ನನ್ನನ್ನೇ ನೋಡುತ್ತಿದ್ದ. ಹಿಂದಿದ್ದ ಆಳು ಒಮ್ಮೆ ಕೆಮ್ಮಿದಾಗ ಮೈಯೆಲ್ಲ ಬೆಚ್ಚಿಬಿತ್ತು.

ಅಷ್ಟರಲ್ಲಿ ಯಾರೋ ಹಿಂಬಾಗಿಲನ್ನು ದಬದಬ ಬಡಿದರು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಮುದುಕಿ. ಕಟ್ಟೆಯ ಹತ್ತಿರ ಹೆಂಗಸರ ಹಿಂದೆ ನಿಂತಿದ್ದವಳು ಈಕೆಯೇ ಎಂದು ಗುರುತು ಹತ್ತಿತು. ಜಾಲಿಕಂಟಿಯ ನಡುವಿನ ಕಾಲುದಾರಿಯಲ್ಲಿ ಬಿರುಸಾಗಿ ನಡೆದು ಬಂದಿದ್ದಳು. ಮುಖವೆಲ್ಲ ಬೆವರು.

"ಬಾಗಿಲಾ ತಗಿಯಪಾ. ದೇವದುರ್ಗಕ್ಕ ಹೊಂಟೀಯಂತ. ನನ್ನೂ ಬಿಡು, ಮೀನ ಕೆಡತಾವ."

"ಜೀಪ್ ಹೊಲಸಾಗ್ತದ ಯವ್ವಾ, ಬಸ್ಸಿಗಿ ಬಾ" ಎಂದ ಅವನು.

"ನೀ ಹುಟ್ಟಿದಾಗ ನಿಮ್ಮವ್ವಗ ನೀರು ಎರದಾಕಿ ನಾನು. ಆವಾಗ ಹೊಲಸು ಅಂದೆನೇನು? ತಗಿ."

ಅವನ ಮುಖದ ನಗು ಹೋಯಿತು. ಆದರೂ ಲಾಕು ತೆಗೆದ. ಮುದುಕಿ ಆಳನ್ನು ಅತ್ತ ಸರಿಸಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ಜೀಪು ತಿರುಗಿ ಟಾರು ರಸ್ತೆಗೆ ಬಂತು. ಆಮೇಲೆ ಮುದುಕಿ ಮುಂದಕ್ಕೆ ಬಾಗಿ ನನ್ನ ಭುಜ ತಟ್ಟಿದಳು.

"ನನ್ನ ಕೇಳಲೇ ಇಲ್ಲಲ್ಲ ನೀನು? ನಂದೂ ಓಟು ಅದ. ಬರಕೋ. ಕೆರಿ ನಮ್ಮ ಸಂಘಕ್ಕ ಕೊಡಬೇಕು. ಟೆಂಡರ್ ಬ್ಯಾಡ. ಓಣಿಯಾಗ ಅಂದಾಕಿನೂ ನಾನಾ."

ಅವನು ಜೀಪು ನಿಲ್ಲಿಸುತ್ತಾನೆಂದುಕೊಂಡೆ. ನಿಲ್ಲಿಸಲಿಲ್ಲ. ಸ್ಟಿಯರಿಂಗ್ ಮೇಲಿನ ಅವನ ಬೆರಳುಗಳು ಬಿಗಿದವು, ಅಷ್ಟೇ. ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮಿಬ್ಬರನ್ನೂ ಇಳಿಸಿ, "ಹುಷಾರಾಗಿ ಹೋಗ್ರಿ ಮೇಡಂ" ಎಂದು ಹೊರಟುಹೋದ.

ಜೀಪು ಮರೆಯಾದ ಮೇಲೆ ಮುದುಕಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ನಾನು ನೀರಿನ ಬಾಟಲಿ ಕೊಟ್ಟೆ. ಕುಡಿಯುವಾಗ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು.

"ಜೀಪ್ ಹೊಳಿ ಕಡಿ ತಿರುಗಿದ್ದು ನೋಡಿದೆ. ಒಬ್ಬಾಕಿ ಹೆಣ್ಮಗಳು. ಎದಿ ಧಸಕ್ಕಂತು" ಎಂದಳು. ಬಾಟಲಿ ತಿರುಗಿ ಕೊಡುತ್ತಾ, "ನಿನಗ ಬಲಿ ವಿಷಯ ಹೇಳಿದಾಂವ ನನ್ ಮಗ. ಅದನ್ನ ಕೇಳಾಕ ನಿನ್ನ ಒಯ್ದಾನಂತ ಗೊತ್ತಾತು" ಎಂದಳು.

ಅಂದು ರಾಯಚೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಿಂದ ಹಿಂದೆ ನೋಡುತ್ತಲೇ ಬಂದೆ. ಗಂಡ ಕೆಲಸ ಬಿಟ್ಟುಬಿಡು ಎಂದರು. ಸಮೀಕ್ಷೆಯ ಕಚೇರಿಯವರು ಅದನ್ನೆಲ್ಲ ಕೇಳಿ, ಇನ್ನು ಮುಂದೆ ಇಬ್ಬರಿಬ್ಬರಾಗಿ ಹೋಗಿ ಎಂದರು. ಉಳಿದಿದ್ದ ಮಾನ್ವಿ ತಾಲ್ಲೂಕಿಗೆ ಇನ್ನೊಬ್ಬಾಕೆಯ ಜೊತೆ ಹೋದೆ. ಕಲ್ಲೂರಿನಲ್ಲಿ ಬಿಳಿ ಜೀಪೊಂದು ಪಕ್ಕದಲ್ಲಿ ನಿಂತಾಗ ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿದೆ. ಅದು ಯಾವುದೋ ಮದುವೆಯ ಗಾಡಿ.

ಮುದುಕಿಗೆ ಏನಾಗಿದೆಯೋ ಎಂಬ ಚಿಂತೆ ಮಾತ್ರ ಬಿಡಲಿಲ್ಲ. ದೇವದುರ್ಗದ ಸಂತೆಗೆ ಹೋಗಿ ನೋಡಿದೆ, ಅವಳಿರಲಿಲ್ಲ. ಅವಳು ಕೂರುವ ಜಾಗವೆಂದು ಮೀನು ಮಾರುವವರು ತೋರಿಸಿದ ಕಡೆ ಖಾಲಿಯಿತ್ತು. ಪಕ್ಕದವಳು, "ಪೋತ್ನಾಳಕ್ಕ ಮಗಳ ಮನಿಗಿ ಹೋಗ್ಯಾಳ್ರಿ, ಬಾಣಂತನ ಅದ" ಎಂದಳು.

ಪೋತ್ನಾಳದಲ್ಲಿ ಕೇಳಿಕೊಂಡು ಹೋದೆ. ಮುದುಕಿ ಬಾಗಿಲಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಗುತ್ತಿಗೆದಾರ ಮನೆಗೆ ಬಂದಿದ್ದನಂತೆ. ಬೈಯಲಿಲ್ಲವಂತೆ, ಹೊಡೆಯಲಿಲ್ಲವಂತೆ. ಮಗ ಕೆರೆಯ ಕಡೆ ಕಾಲಿಡಬಾರದೆಂದು ಹೇಳಿ ಹೋದನಂತೆ. ಮಗ ಈಗ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೂಲಿ.

"ನಿನಗ ಈಗ ಹೆದರಿಕಿ ಇಲ್ಲೇನು ಯವ್ವಾ?" ಎಂದೆ.

"ಅದ. ಊರಿಗಿ ಹೋಗಬೇಕಂದ್ರ ನಿದ್ದಿ ಬರಂಗಿಲ್ಲ. ಹಂಗಂತ ಇಲ್ಲೇ ಇರಾಕಾಗ್ತದೇನು?" ಎಂದು ಕೂಸನ್ನು ಮಗುಚಿ ಹಾಕಿದಳು. "ಅಲ್ಲ, ಎಲ್ಲಾರಿಗಿ ಬಜೆಟ್ ಹ್ಯಾಂಗದ ಅಂತ ಕೇಳಿದಿ. ಅದರಾಗ ನಮಗೇನದ ಅಂತ ಯಾರೂ ಹೇಳಿಲ್ಲ. ಕುಂದ್ರು, ಹೇಳು."

ನನಗೆ ಗೊತ್ತಿದ್ದಷ್ಟನ್ನು ಹೇಳತೊಡಗಿದೆ. ಮಗಳೂ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ಕೂತಳು.