ಭುಜದ ಮೇಲಿನ ನಾಲ್ಕು ಬೆರಳು

ಅವಳಿಗೂ ಒಂದು ಹೆಸರಿತ್ತು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ. ಬೀದಿಯವರಿಗೆಲ್ಲ ಅವಳು ಪೆನ್ಸಿಲಮ್ಮ. ಓದಿದ್ದು ನಾಲ್ಕನೇ ತರಗತಿ, ಪೆನ್ಸಿಲ್ ಹಿಡಿದದ್ದು ಮಾತ್ರ ಮೂವತ್ತೊಂದು ವರ್ಷ. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ಇಳಿಜಾರು ಮೇಜು, ಮೇಜಿನ ನಡುವೆ ಮಸಕು ಗಾಜು, ಗಾಜಿನ ಕೆಳಗೊಂದು ಬಲ್ಬು. ಅದರ ಮೇಲೆ ನೆಗೆಟಿವ್ ಇಟ್ಟು ಭೂತಗನ್ನಡಿ ಹಿಡಿದು ಕೂತರೆ ಊಟದ ಹೊತ್ತಾಯಿತೆಂದು ಯಾರಾದರೂ ಬಂದು ಅಲುಗಿಸಬೇಕಿತ್ತು.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಹಲ್ಲು ಕಪ್ಪು, ಕೂದಲು ಬಿಳಿ. ಅಲ್ಲಿ ಪೆನ್ಸಿಲ್ ತೀಡಿದರೆ ಫೋಟೋದಲ್ಲಿ ಬೆಳಕು ಬೀಳುತ್ತದೆ. ಸಣ್ಣ ಕತ್ತಿಯಿಂದ ಕೆರೆದರೆ ಕತ್ತಲೆ ಕವಿಯುತ್ತದೆ. ಕೆಲಸವೆಲ್ಲ ಇಷ್ಟೇ. ಮೊಡವೆ ಮುಚ್ಚುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಜೋಡಿ ಗಲ್ಲವನ್ನು ಒಂಟಿ ಮಾಡುವುದು. "ಈ ಊರಲ್ಲಿ ಅರ್ಧಕ್ಕರ್ಧ ಮದುವೆ ಕುದುರಿದ್ದು ನನ್ನ ಪೆನ್ಸಿಲ್ ತುದೀಲಿ. ಮದುವೆ ಆದ್ಮೇಲೆ ನಿಜವಾದ ಮುಖ ನೋಡಿ ಯಾವ ಗಂಡೂ ವಾಪಸ್ ಬಂದು ಜಗಳ ಆಡಿಲ್ಲ, ಅಷ್ಟು ಪುಣ್ಯ" ಎಂದು ಅವಳು ನಗುತ್ತಿದ್ದಳು.

ಸ್ಟುಡಿಯೋ ಮುಚ್ಚಿದಾಗ ಯಜಮಾನರು ನೆಗೆಟಿವ್‌ಗಳ ಡಬ್ಬಗಳನ್ನೆಲ್ಲ ಅವಳ ಮನೆಗೆ ಕಳಿಸಿದರು. ಎಸೆಯಲು ಅವರಿಗೆ ಕೈ ಬಂದಿರಲಿಲ್ಲ. ಆಮೇಲೆ ಅವರೂ ಹೋದರು. ಡಬ್ಬಗಳು ಮಂಚದ ಕೆಳಗೆ ಸೇರಿ, ಗುಡಿಸುವಾಗಲೆಲ್ಲ ಸೊಸೆಯ ಬಾಯಿಗೆ ಸಿಕ್ಕುತ್ತಿದ್ದವು. ಸೊಸೆ ಮುದ್ರಣದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಅಲ್ಲಿ ಮೂಲೆಗೆ ಹಾಕಿದ್ದ ಸ್ಕ್ಯಾನರ್ ಒಂದನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಅದರ ಮುಚ್ಚಳದೊಳಗೇ ದೀಪವಿರುವ ಫಿಲಂ ಅಟ್ಯಾಚ್‌ಮೆಂಟ್ ಇತ್ತು, ನೆಗೆಟಿವ್ ಕೂರಿಸಲು ಪ್ಲಾಸ್ಟಿಕ್ ಚೌಕಟ್ಟೂ ಇತ್ತು.

"ಅತ್ತೆ, ಮಂಚದ ಕೆಳಗಿರೋ ಭೂತಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ ಅವರವರ ಮನೆಗೆ ಕಳಿಸಿಬಿಡೋಣ. ನನಗೆ ಗುಡಿಸೋಕೆ ಜಾಗ ಆಗುತ್ತೆ."

"ಭೂತ ಅನ್ಬೇಡ ಕಣೆ. ಎಲ್ಲ ಮರ್ಯಾದಸ್ತರು."

ರಜೆಯ ದಿನಗಳಲ್ಲಿ ಊಟದ ಮೇಜೇ ಅವರ ಕಾರ್ಖಾನೆ. ಪೆನ್ಸಿಲಮ್ಮ ಹತ್ತಿಯ ಕೈಗವಸು ತೊಟ್ಟು, ನೆಗೆಟಿವ್‌ನ ಅಂಚು ಹಿಡಿದು, ರಬ್ಬರ್ ಉಂಡೆಯಿಂದ ಧೂಳು ಊದಿ ಚೌಕಟ್ಟಿಗೆ ಕೂರಿಸುವಳು. ಸೊಸೆ ಗುಂಡಿ ಒತ್ತುವಳು. ಬೆಳಕಿನ ಗೆರೆಯೊಂದು ಮುಚ್ಚಳದ ಸಂದಿಯಲ್ಲಿ ತೆವಳಿಕೊಂಡು ಹೋಗುವುದು. ಪರದೆಯ ಮೇಲೆ ಮೊದಲು ನೆಗೆಟಿವ್ ಮೂಡುವುದು; ಸೊಸೆ ಇನ್ನೊಂದು ಗುಂಡಿ ಒತ್ತಿದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮನುಷ್ಯರು ಮನುಷ್ಯರಾಗುವರು. ಅವರಲ್ಲಿ ಎಷ್ಟೋ ಜನರ ನಿಜವಾದ ಬಣ್ಣವನ್ನು ಪೆನ್ಸಿಲಮ್ಮ ಆಗಲೇ ಮೊದಲು ನೋಡುತ್ತಿದ್ದಳು. ಅವಳ ಮೇಜಿಗೆ ಬರುತ್ತಿದ್ದದ್ದು ಬರೀ ನೆಗೆಟಿವ್.

ನಾಲ್ಕನೆಯ ಡಬ್ಬದಲ್ಲಿ ಆ ಲಕೋಟೆ ಸಿಕ್ಕಿತು. ಮೇಲೆ ಯಜಮಾನರ ಅಕ್ಷರ: "ಬೀಗದ ಅಂಗಡಿ. ಗುಂಪು. ಏಳು ಜನ." ಏಳನ್ನು ಹೊಡೆದು ಆರು ಎಂದು ತಿದ್ದಿತ್ತು. ಪೆನ್ಸಿಲಮ್ಮನ ಕೈ ಅಲ್ಲೇ ನಿಂತಿತು.

"ಇದು ಬೇಡ. ಮುಂದಿಂದು ತೆಗಿ."

"ಯಾಕೆ, ಮರ್ಯಾದಸ್ತರಲ್ವಾ?" ಎಂದು ಸೊಸೆ ಕಸಿದುಕೊಂಡು ತಾನೇ ಚೌಕಟ್ಟಿಗೆ ಹಾಕಿದಳು. ಚಿತ್ರ ಬಂತು. ಹಿಂದೆ ಕರೀ ಪರದೆ. ಮುಂದೆ ಕುರ್ಚಿಯಲ್ಲಿ ಹಿರಿಯರು, ಹಿಂದೆ ನಿಂತ ಅಣ್ಣತಮ್ಮಂದಿರು, ಸಾಲಿನ ಕೊನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ನಿಲ್ಲಿಸಿದ ಮೂರು ವರ್ಷದ ಹುಡುಗಿ, ಬಿಳಿ ಫ್ರಾಕು. ಮಗುವಿನ ಹಿಂದೆ ಬರೀ ಕತ್ತಲೆ. ಸೊಸೆ ಧೂಳಿದೆಯೇ ಎಂದು ನೋಡಲು ಚಿತ್ರವನ್ನು ಹಿಗ್ಗಿಸಿದಳು, ಮತ್ತೆ ಹಿಗ್ಗಿಸಿದಳು.

"ಅತ್ತೆ... ಈ ಮಗು ಭುಜದ ಮೇಲೆ ಇದು ಯಾರ ಕೈ?"

ನಾಲ್ಕು ಬೆರಳು. ಉಗುರು ಸಮೇತ. ಹಿಂದೆ ತೋಳಿಲ್ಲ, ಮೈಯಿಲ್ಲ. ಆ ಕರೀ ಪರದೆಯೊಳಗಿಂದ ಯಾರೋ ಕೈ ಚಾಚಿ ಮಗುವನ್ನು ಹಿಡಿದುಕೊಂಡ ಹಾಗಿತ್ತು.

ಸೊಸೆಯ ನಗು ಇಂಗಿಹೋಯಿತು. ಪೆನ್ಸಿಲಮ್ಮ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ನಲವತ್ತೈದು ವರ್ಷದ ಹಿಂದಿನ ಮಾತು. ಬೀಗದ ಅಂಗಡಿಯವನ ಹೆಂಡತಿ ಮನೆ ಬಿಟ್ಟು ಹೋಗಿದ್ದಳು. ಎಲ್ಲಿಗೆ, ಯಾಕೆ ಎಂದು ಊರು ಹತ್ತು ಬಗೆಯಲ್ಲಿ ಆಡಿಕೊಂಡಿತ್ತು. ಅವನು ಮನೆಯ ಫೋಟೋಗಳನ್ನೆಲ್ಲ ಸುಟ್ಟು ನೇರ ಸ್ಟುಡಿಯೋಗೆ ಬಂದ. ಈ ಗುಂಪಿನ ನೆಗೆಟಿವ್ ತೆಗೆಸಿ, ಹೆಂಡತಿ ನಿಂತಿದ್ದಲ್ಲಿ ಬೆರಳಿಟ್ಟು "ಈ ಜಾಗದಲ್ಲಿ ಬರೀ ಪರದೆ ಇರ್ಬೇಕು" ಎಂದ. ಪೆನ್ಸಿಲಮ್ಮ ಆ ಮುಖವನ್ನು ಭೂತಗನ್ನಡಿಯಲ್ಲಿ ನೋಡುತ್ತ ಒಂದಿಡೀ ಮಧ್ಯಾಹ್ನ ಕೆರೆದಳು. ಕೊನೆಗೆ ಕಣ್ಣು ಉಳಿದಿತ್ತು, ಅದನ್ನೂ ಕೆರೆದಳು. ಫ್ರಾಕಿನ ಮೇಲಿನ ಬೆರಳನ್ನು ಮಾತ್ರ ಮುಟ್ಟಲಿಲ್ಲ. ಕೆರೆದರೆ ಬಿಳಿ ಫ್ರಾಕಿಗೆ ಕಪ್ಪು ತೂತು ಬೀಳುತ್ತಿತ್ತು. ಬಟ್ಟೆಯ ಸುಕ್ಕೆಂದು ದಾಟಿ ಹೋಗುತ್ತದೆ ಎಂದುಕೊಂಡಳು. ದಾಟಿಯೂ ಹೋಯಿತು. ಯಜಮಾನರು "ಹೀಗೆ ಕೆರೆಯೋ ಕೈ ಇನ್ನೊಂದಿಲ್ಲ" ಎಂದು ಎಲ್ಲರ ಮುಂದೆ ಹೊಗಳಿದರು. ಅವಳು ಹಿಗ್ಗಿ ಹೀರೇಕಾಯಿಯಾದಳು.

ಆ ವಾರದಿಂದಲೇ ಶುರುವಾಯಿತು. ಮಧ್ಯಾಹ್ನ ಕಣ್ಣಿಗೆ ಜೋಂಪು ಹತ್ತಿದರೆ ಸಾಕು, ಬಾಗಿಲಲ್ಲಿ ಒಬ್ಬ ಹೆಂಗಸು. ಕಪ್ಪು ಮುಖ, ಬೆಳ್ಳಗಿನ ಕೂದಲು, ಕಣ್ಣಿನ ಪಾಪೆಯಿದ್ದಲ್ಲಿ ಉರಿಯುವ ಎರಡು ಬಿಳಿ ಚುಕ್ಕೆ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ನಿಲ್ಲುವಳು. ಅದು ನೆಗೆಟಿವ್ ಮುಖವೆಂದು ಪೆನ್ಸಿಲಮ್ಮನಿಗೆ ಗೊತ್ತು. ಕನಸಿಗೆ ಅದು ಗೊತ್ತಿರಲಿಲ್ಲ.

ಸೊಸೆ ಸುಮ್ಮನಿರುವವಳಲ್ಲ. ಫ್ರಾಕಿನ ಹುಡುಗಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಾಳೆಂದು ಪತ್ತೆ ಹಚ್ಚಿ ಫೋನ್ ಮಾಡಿಯೇಬಿಟ್ಟಳು. ಮುಂದಿನ ರಜೆಗೆ ಆಕೆ ಬಂದಳು. ನಲವತ್ತೆಂಟರ ಹೆಂಗಸು, ಗಾಜಿನ ಹಿಂದೆ ಕೂತು ಕೂತು ದನಿ ದೊಡ್ಡದಾಗಿತ್ತು. ಕಂಪ್ಯೂಟರ್ ಪರದೆಯ ಮುಂದೆ ಕೂತವಳು ಆ ನಾಲ್ಕು ಬೆರಳಿನಿಂದ ಕಣ್ಣು ಕೀಳಲಿಲ್ಲ. ಚಹಾ ಆರಿತು.

"ನನಗೆ ಅಮ್ಮನ ಮುಖ ಗೊತ್ತಿಲ್ಲ. ಒಂದೇ ಒಂದು ಫೋಟೋ ಇಲ್ಲ. ಗೊತ್ತಿದ್ದೋರು ಒಬ್ಬೊಬ್ರೇ ಹೋದ್ರು. ಈ ಮಿಶಿನ್ನಲ್ಲಿ ಕೆರೆದದ್ದನ್ನ ವಾಪಸ್ ತರಕ್ಕಾಗುತ್ತಾ ಅಮ್ಮಾ?"

ಊರೆಲ್ಲ ಅಮ್ಮಾ ಎಂದೇ ಕರೆಯುತ್ತದೆ. ಅವತ್ತು ಮಾತ್ರ ಆ ಮಾತು ಪೆನ್ಸಿಲಮ್ಮನಿಗೆ ಮುಳ್ಳಿನ ಹಾಗೆ ಚುಚ್ಚಿತು.

"ಆಗಲ್ಲ. ಬಣ್ಣ ಬಳಿದಿದ್ರೆ ತೊಳೀಬಹುದಿತ್ತು. ಕರೀ ಪರದೆ, ಅದಕ್ಕೆ ಕತ್ತೀಲೇ ಕೆರೀಬೇಕು. ಕೆರೆದದ್ದು ಹೋಯ್ತು ಅಂತಲೇ ಲೆಕ್ಕ."

"ಯಾರು ಕೆರೆದದ್ದು?"

"ನಾನೇ."

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದಳು.

"ಯಾಕೆ ಕೆರೆದ್ರಿ?"

"ಕೆರಿ ಅಂದ್ರು, ಕೆರೆದೆ. ಬೇರೆ ಏನಾದ್ರೂ ಹೇಳಿದ್ರೆ ಸುಳ್ಳಾಗುತ್ತೆ."

ಟಿಕೆಟ್ ಕೌಂಟರಿನಾಕೆ ಎದ್ದು ನಿಂತಳು. ಚೀಲ ಹೆಗಲಿಗೆ ಹಾಕಿದಳು. ಹೊಸ್ತಿಲವರೆಗೆ ಹೋದವಳು ತಿರುಗಿದಳು.

"ಹಾಗಾದ್ರೆ ನೀವು ನೋಡಿದ್ದೀರಿ. ಹತ್ತಿರದಿಂದ, ಭೂತಗನ್ನಡಿ ಹಿಡ್ಕೊಂಡು ನೋಡಿದ್ದೀರಿ."

"ನೋಡಿದ್ದೀನಿ."

"ಆ ಮುಖ ಬರೆದು ಕೊಡಿ."

ಪೆನ್ಸಿಲಮ್ಮ ನೀರು ಕುಡಿಯುವ ನೆವದಲ್ಲಿ ಒಳಗೆ ಹೋದಳು. ಸೊಸೆ ಕಿವಿಯ ಹತ್ತಿರ ಬಂದಳು. "ಅತ್ತೆ, ತಲೆ ಕೆಡಿಸ್ಕೋಬೇಡಿ. ಅವರ ಮುಖಾನೇ ನೋಡ್ಕೊಂಡು ಸ್ವಲ್ಪ ವಯಸ್ಸು ಇಳಿಸಿ ಬರೆದುಬಿಡಿ. ತಾಯಿ ಮಗಳು ಅಲ್ವಾ, ಹೋಲುತ್ತೆ. ಅವರಿಗೂ ಸಮಾಧಾನ, ನಿಮಗೂ ಸಮಾಧಾನ."

"ಒಂದ್ಸಲ ಅಳಿಸಿದ್ದು ಸಾಲದೇನೆ? ಅವಳ ಜಾಗದಲ್ಲಿ ಇನ್ನೊಬ್ಬಳನ್ನ ತಂದು ನಿಲ್ಲಿಸಿ ಎರಡನೇ ಸಲ ಅಳಿಸ್ಲಾ?"

ಸೊಸೆ ಆರಿದ ಚಹಾದ ಲೋಟ ಎತ್ತಿಡಲು ಹೋದಳು.

ಆದರೆ ಅಪಾಯ ಅಲ್ಲೇ ಇತ್ತು. ಎದುರಿಗೆ ಕೂತ ಮುಖ ನೆನಪಿನ ಮುಖವನ್ನು ನುಂಗಿಬಿಡುತ್ತದೆ. ಈ ಕಸುಬಿನವಳಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಪೆನ್ಸಿಲಮ್ಮ ಟಿಕೆಟ್ ಕೌಂಟರಿನಾಕೆಯನ್ನು ತನ್ನ ಬೆನ್ನ ಹಿಂದೆ, ಗೋಡೆಯ ಪಕ್ಕ ಕೂರಿಸಿದಳು. "ಏನಾದ್ರೂ ಮಾತಾಡ್ತಾ ಇರಿ. ಎದುರಿಗೆ ಮಾತ್ರ ಬರ್ಬೇಡಿ. ನಾನು ನಿಮ್ಮ ಮುಖ ಮರೀಬೇಕು." ಹಳೆಯ ನೆಗೆಟಿವ್ ಮೇಲೆ ಒಂದು ಖಾಲಿ ಫಿಲಂ ತುಂಡು ಅಂಟಿಸಿದಳು, ಬೇಡವೆನಿಸಿದರೆ ಎತ್ತಿ ಎಸೆಯಬಹುದು. ಪೆನ್ಸಿಲ್ ಹಿಡಿಯಲೆಂದು ಅದಕ್ಕೆ ವಾರ್ನಿಷ್ ಸವರಿದಳು. ಕಿಟಕಿಯ ಗಾಜಿಗೇ ಅದನ್ನು ಒರಗಿಸಿ, ಹಗಲಿನ ಬೆಳಕಿಗೆ ಹಿಡಿದು, ಭೂತಗನ್ನಡಿ ಕಣ್ಣಿಗೆ ತಂದಳು. ಮುಖ ಇರಬೇಕಾದದ್ದು ಹೆಬ್ಬೆರಳಿನ ಉಗುರಿನಷ್ಟು.

ಅವಳಿಗೆ ಗೊತ್ತಿದ್ದದ್ದು ಬಾಗಿಲಲ್ಲಿ ನಿಲ್ಲುವ ಮುಖ. ಅದನ್ನು ಹೇಗೆ ಕಂಡಿದ್ದಳೋ ಹಾಗೇ ಬರೆದಳು. ಹಣೆ ಕಪ್ಪು, ಕೆನ್ನೆ ಇನ್ನೂ ಕಪ್ಪು, ಕೂದಲಿಗೆ ಪೆನ್ಸಿಲ್ ಮುಟ್ಟಿಸಲೇ ಇಲ್ಲ. ಬೆನ್ನ ಹಿಂದೆ ಟಿಕೆಟ್ ಕೌಂಟರಿನಾಕೆ ಮಾತಾಡುತ್ತಲೇ ಇದ್ದಳು. ಚಿಲ್ಲರೆಗೆ ಜಗಳ ತೆಗೆಯುವ ಪ್ರಯಾಣಿಕರು, ತಪ್ಪು ಬಸ್ಸು ಹತ್ತಿ ಮರಳಿ ಬಂದು ತನ್ನನ್ನೇ ಬೈದ ಮುದುಕ, ಮಗಳ ಪರೀಕ್ಷೆ. ಎಡಗಡೆಯ ಹುಬ್ಬು ಬಲಗಡೆಗಿಂತ ಕೂದಲೆಳೆ ಮೇಲೆ ಎಂದು ಪೆನ್ಸಿಲಮ್ಮನಿಗೆ ನೆನಪಾಯಿತು. ಮೇಲ್ದುಟಿ ತೆಳ್ಳಗೆ. ಕೊರಳು, ಭುಜ ತೀಡಿ, ತೋಳನ್ನು ಆ ನಾಲ್ಕು ಬೆರಳಿನವರೆಗೆ ಇಳಿಸಿದಳು. ಕಣ್ಣು ಮಾತ್ರ ಕೊನೆಗೆ ಉಳಿಯಿತು, ಅವತ್ತಿನ ಹಾಗೆಯೇ.

ಆಗ ಬೆನ್ನ ಹಿಂದಿನ ಮಾತು ನಿಂತಿತು.

ಕುರ್ಚಿಯ ಸದ್ದಿಲ್ಲ, ಉಸಿರಿನ ಸದ್ದಿಲ್ಲ. ಬೆನ್ನಿಗೆ ಹತ್ತಿರದಲ್ಲಿ ಯಾರೋ ನಿಂತಿದ್ದಾರೆ ಎನಿಸಿತು. ನಲವತ್ತೈದು ವರ್ಷ ಬಾಗಿಲಲ್ಲೇ ನಿಂತವಳು ಇವತ್ತು ಒಳಗೆ ಕಾಲಿಟ್ಟಳೇ? ಪೆನ್ಸಿಲಮ್ಮ ತಿರುಗಿ ನೋಡಲಿಲ್ಲ. ನೋಡಿದರೆ ಒಂದೋ ಮಗಳ ಮುಖ ಕಂಡು ಕೆಲಸ ಕೆಡುತ್ತಿತ್ತು, ಇಲ್ಲವೇ ಬೇರೆಯ ಮುಖ ಕಾಣುತ್ತಿತ್ತು. ಬೆವರಿದ ಬೆರಳನ್ನು ಬಟ್ಟೆಗೆ ಒರೆಸಿ ಕಣ್ಣಿನ ಬಿಳುಪನ್ನು ಕಪ್ಪಾಗಿ ತೀಡಿದಳು. ನಡುವೆ ಎರಡು ಚುಕ್ಕೆ ಖಾಲಿ ಬಿಟ್ಟಳು. ಅಲ್ಲಿಂದ ಹಗಲು ಇಣುಕಿತು.

"ಮುಗೀತಾ?" ಎಂದಿತು ಹಿಂದಿನಿಂದ ಸಣ್ಣ ದನಿ. ಟಿಕೆಟ್ ಕೌಂಟರಿನಾಕೆಯೇ. ಗೋಡೆಗೆ ಒರಗಿ ಅಳುತ್ತಿದ್ದಳು, ಸದ್ದಾಗಬಾರದೆಂದು ಬಾಯಿಗೆ ಕೈ ಒತ್ತಿಕೊಂಡು.

ಸೊಸೆ ಎರಡನ್ನೂ ಸೇರಿಸಿ ಚೌಕಟ್ಟಿಗೆ ಕೂರಿಸಿದಳು. ಬೆಳಕಿನ ಗೆರೆ ತೆವಳಿತು. ಪರದೆಯ ಮೇಲೆ ಮೊದಲು ಅದೇ ಮುಖ ಬಂತು, ಬಾಗಿಲಿನ ಮುಖ, ಬೆಳ್ಳಗಿನ ಕೂದಲು, ಉರಿಯುವ ಕಣ್ಣು. ಸೊಸೆ ಬೆಚ್ಚಿ ಕೈ ಹಿಂದೆಗೆದಳು. "ಒತ್ತು" ಎಂದಳು ಪೆನ್ಸಿಲಮ್ಮ.

ಒತ್ತಿದಳು.

ಮಗುವಿನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು. ಕಪ್ಪು ಕೂದಲು, ಇನ್ನೂ ಹಾಲುಗೆನ್ನೆ, ಇಪ್ಪತ್ತು ದಾಟಿದ್ದರೆ ಹೆಚ್ಚು. ಫೋಟೋ ತೆಗೆಯುವವನು ಅಲುಗಬೇಡಿ ಎಂದದ್ದಕ್ಕೆ ಉಸಿರು ಕಟ್ಟಿಕೊಂಡ ಮುಖ. ಅವಳ ಕೈ ಮಗುವಿನ ಭುಜದ ಮೇಲಿತ್ತು, ಆ ನಾಲ್ಕು ಬೆರಳು ಈಗ ಅವಳವೇ.

"ಅಯ್ಯೋ" ಎಂದಳು ಪೆನ್ಸಿಲಮ್ಮ. "ಇದು ಮಗು ಕಣೆ! ಇಷ್ಟು ವರ್ಷ ನಾನು ಯಾರೋ ಮುದುಕಿ ಅಂದ್ಕೊಂಡೇ ಹೆದರ್ತಿದ್ದೆ."

"ನನ್ನ ಮಗಳಿಗಿಂತ ಚಿಕ್ಕೋಳು" ಎಂದಳು ಟಿಕೆಟ್ ಕೌಂಟರಿನಾಕೆ. ಪರದೆಯ ಹತ್ತಿರ ಬಾಗಿ ಕೇಳಿದಳು: "ಇದು ಅವಳೇನಾ?"

"ನಾನು ಕಂಡ ಹಾಗೆ ಬರೆದಿದ್ದೀನಿ. ಆಣೆ ಮಾಡಿ ಹೇಳಲಾರೆ."

ಆಕೆ ತಲೆಯಾಡಿಸಿದಳು. ಫೋಟೋವನ್ನು ಎರಡು ಬಗೆಯಲ್ಲೂ ಕೇಳಿ ಪಡೆದಳು, ಮುಖವಿದ್ದದ್ದು ಒಂದು, ಬರೀ ಬೆರಳಿದ್ದದ್ದು ಒಂದು. ಚಪ್ಪಲಿ ಮೆಟ್ಟುತ್ತ, "ನಿಮ್ಮನ್ನ ಕ್ಷಮಿಸಿದೆ ಅಂತ ಅಂದ್ಕೋಬೇಡಿ" ಎಂದಳು.

"ಇಲ್ಲ, ಅಂದ್ಕೊಳ್ಳಲ್ಲ."

ಆಕೆ ಬೀದಿಯ ತಿರುವು ದಾಟುವವರೆಗೂ ಪೆನ್ಸಿಲಮ್ಮ ಬಾಗಿಲಲ್ಲೇ ನಿಂತಿದ್ದಳು. ಮುದುಕಿ ಬಂದು ನಿಂತರೆ ಹೆದರಬಹುದು, ಹೆದರಿ ಕಣ್ಣು ಮುಚ್ಚಬಹುದು. ಇನ್ನು ಮೇಲೆ ಬಂದು ನಿಲ್ಲುವವಳು ಈ ಹುಡುಗಿ. ಅವಳ ಮುಂದೆ ಕಣ್ಣು ಮುಚ್ಚುವುದು ಹೇಗೆ?

ಒಳಗೆ ಸೊಸೆ ಮೇಜು ಒರೆಸುತ್ತಿದ್ದಳು. "ಅತ್ತೆ, ಇವತ್ತಿಗೆ ಸಾಕಲ್ವಾ? ಮುಚ್ಚಿಡ್ಲಾ?"

"ಬೇಡ, ತಾಳು. ಡಬ್ಬಗಳಲ್ಲಿ ಎಲ್ಲೆಲ್ಲಿ ಸಂಖ್ಯೆ ತಿದ್ದಿದ ಲಕೋಟೆ ಇದೆಯೋ ನೋಡಿ ಬೇರೆ ಇಡು."

ಸೊಸೆ ಒರೆಸುವ ಬಟ್ಟೆ ಹಿಡಿದೇ ನಿಂತಳು. "ಇನ್ನೂ ಇದೆಯಾ? ಎಷ್ಟು?"

"ಹನ್ನೊಂದು" ಎಂದಳು ಪೆನ್ಸಿಲಮ್ಮ, ಪೆನ್ಸಿಲ್ ಮೊನೆ ಮಾಡುತ್ತ.