ಕಿಟಕಿಯ ಕೆಳಗಿನ ಹಳದಿ ಧೂಳು

ಜನವರಿ ಬಂತೆಂದರೆ ಟೆಕ್ಸಸ್ಸಿನ ಆ ಗುಡ್ಡಗಳ ಮೇಲೆ ಸೀಡರ್ ಮರಗಳು ಹೊಗೆಯಾಡುತ್ತವೆ. ಒಂದು ಗಾಳಿ ಬೀಸಿದರೆ ಸಾಕು, ಇಡೀ ಮರ ಹಳದಿ ಪರಾಗ ಕೊಡವಿಕೊಂಡು ಮತ್ತೆ ಸುಮ್ಮನೆ ನಿಲ್ಲುತ್ತದೆ. ಹೊಸಬರು ಬೆಂಕಿ ಬಿತ್ತೆಂದು ಫೈರ್ ಎಂಜಿನ್ನಿಗೆ ಫೋನ್ ಮಾಡುತ್ತಾರೆ. ಊರಿನವರು ಮೂಗು ಒರೆಸಿಕೊಳ್ಳುತ್ತ ಹಾರ್ಲನ್ ವೇಮಾಯರನಿಗೆ ಫೋನ್ ಮಾಡುತ್ತಾರೆ.

ಹೀಟರಿನ ಗಾಳಿಯನ್ನು ಕೋಣೆಕೋಣೆಗೂ ಒಯ್ಯುವ ಕೊಳವೆಗಳನ್ನು ಶುಚಿಮಾಡುವುದು ಹಾರ್ಲನ್‌ನ ಮೂವತ್ತೊಂದು ವರ್ಷದ ಕಸುಬು. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡುವಾಗ ಅವನಿಗೆ ಮನೆಯ ನಿದ್ದೆಯೊಳಗೇ ಇಣುಕಿದಂತಾಗುತ್ತದೆ. ನಾಯಿಯ ಕೂದಲು, ಮಕ್ಕಳ ಕ್ರೇಯಾನು, ಯಾವುದೋ ಕ್ರಿಸ್ಮಸ್ಸಿನ ಮಿಂಚುಪುಡಿ ಎಲ್ಲ ಬೂದು ಹತ್ತಿಯಂತೆ ಮುದುಡಿ ಮಲಗಿರುತ್ತವೆ. ಹೊರಡುವಾಗ ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು: "ಕಿಟಕಿ ಮಾತ್ರ ತೆಗೀಬೇಡಿ ನೋಡಿ, ಫೆಬ್ರವರಿ ಮುಗಿಯೋವರೆಗೂ."

ಅವನ ಹೆಂಡತಿ ವರ್ನೆಲ್‌ಗೆ ಈ ಪರಾಗ ಆಗಿಬರುವುದಿಲ್ಲ. ಪ್ರತಿ ಜನವರಿ ಆರು ವಾರ ಸಮುದ್ರದ ಕಡೆ ಅಕ್ಕನ ಮನೆಗೆ ಹೋಗಿಬಿಡುತ್ತಿದ್ದಳು. ಹೋದ ಅಕ್ಟೋಬರಿನಲ್ಲಿ ಅಕ್ಕ ತೀರಿಕೊಂಡಳು. ಈ ಸಲ ಹೋಗಲು ಜಾಗವಿಲ್ಲ. ಎರಡು ವಾರವಾಯಿತು, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ, ಕುಳಿತೇ ನಿದ್ದೆ ಮಾಡುತ್ತಾಳೆ. ಉಸಿರು ಸಿಳ್ಳೆ ಹಾಕುತ್ತದೆ. ಅದನ್ನು ಕೇಳುತ್ತ ಮಲಗಿದ್ದ ಹಾರ್ಲನ್‌ಗೆ ಭಯವಾಯಿತು, ನಾಚಿಕೆಯೂ ಆಯಿತು. ಊರಿನ ಕೊಳವೆಗಳನ್ನೆಲ್ಲ ಉಜ್ಜಿದವನು ತನ್ನ ಮನೆಯ ಕೊಳವೆಗೆ ಒಂದು ದಿನವೂ ಕೈ ಹಾಕಿರಲಿಲ್ಲ.

ಶನಿವಾರ ದೊಡ್ಡ ವ್ಯಾಕ್ಯೂಮನ್ನು ಮನೆಯೊಳಗೆ ಎಳೆದು ತಂದ.

"ಅಬ್ಬಾ, ಸಾಹೇಬ್ರಿಗೆ ಕೊನೆಗೂ ನಮ್ಮನೆ ಅಡ್ರೆಸ್ ಸಿಕ್ತಲ್ಲ!" ಎಂದಳು ವರ್ನೆಲ್, ಕಟ್ಟಿದ ಮೂಗಿನಲ್ಲೇ.

"ಸುಮ್ನಿರೇ. ನೀನು ವರಾಂಡಕ್ಕೂ ಹೋಗಂಗಿಲ್ಲ, ಇಲ್ಲೂ ಇರಂಗಿಲ್ಲ. ಹೋಗಿ ಕಾರಲ್ಲಿ ಗಾಜು ಏರಿಸ್ಕೊಂಡು ಕೂತ್ಕೋ."

ನೆಲದಲ್ಲಿ ಕೊಳವೆಗಳ ಬಾಯಿ ಮುಚ್ಚಿದ್ದ ಜಾಲರಿಗಳನ್ನು ಒಂದೊಂದಾಗಿ ಎತ್ತಿದ. ಅಡುಗೆಮನೆಯದು ಬೂದು. ನಡುಮನೆಯದು ಬೂದು. ಮಲಗುವ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಜಾಲರಿ ಎತ್ತಿದವನು ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಒಳಗೆಲ್ಲ ಹಳದಿ. ಬೆರಳಿಟ್ಟರೆ ಗುರುತು ಮೂಡುವಷ್ಟು ದಪ್ಪ. ಧೂಳು ಎಲ್ಲಿಂದ ಬರುತ್ತದೋ ಅಲ್ಲೇ ದಪ್ಪಗಿರುತ್ತದೆಂದು ಗೊತ್ತಿಲ್ಲದವನೇ ಅವನು?

ಅವನ ತಾಯಿಯದು ಹಳೆಯ ಜರ್ಮನ್ ಮನೆತನ. ಹಿಮ ಬೀಳಲಿ, ಬಿರುಗಾಳಿಯೇ ಬರಲಿ, ಬೆಳಗೆದ್ದರೆ ಹತ್ತು ನಿಮಿಷ ಕಿಟಕಿ ತೆರೆದು ರಾತ್ರಿಯ ಗಾಳಿಯನ್ನು ಹೊರಗೆ ಕಳಿಸಲೇಬೇಕು. ಅವಳು ಹೋಗಿ ಹನ್ನೆರಡು ವರ್ಷವಾಯಿತು. ಇವನು ಇಂದಿಗೂ ವರ್ನೆಲ್ ಕಾಫಿಗಿಡಲು ಎದ್ದ ಕೂಡಲೇ ಕಿಟಕಿ ತೆರೆಯುತ್ತಾನೆ, ಮುಚ್ಚುತ್ತಾನೆ, ಹೀಟರ್ ಹಾಕುತ್ತಾನೆ. ಹತ್ತು ನಿಮಿಷ ತಾನೇ, ಅದು ಅವನ ಲೆಕ್ಕಕ್ಕೇ ಇರಲಿಲ್ಲ. ಜಾಲರಿಯೊಳಗೆ ಬಿದ್ದ ಪರಾಗವನ್ನು ಹೀಟರು ದಿನವೂ ಅವಳ ಮಂಚದತ್ತ ಊದುತ್ತಿತ್ತು.

ಹಳದಿ ಬೆರಳನ್ನು ಹಿಡಿದುಕೊಂಡೇ ಕಾರಿನ ಬಳಿ ಹೋದ. ವರ್ನೆಲ್ ಗಾಜಿನೊಳಗಿಂದ ಬೆರಳನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು.

"ನಾನು ಕಿಟಕಿ ತೆಗೆಯೋದು ನಿಂಗೆ ಗೊತ್ತಿತ್ತಾ?" ಎಂದ.

ಅವಳು ಗಾಜನ್ನು ಎರಡಂಗುಲ ಇಳಿಸಿದಳು. "ಗೊತ್ತಿತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿಂಗೆ? ಇಷ್ಟು ವರ್ಷ!"

"ಹೇಳಿದ್ರೆ ನೀನು ಮುಚ್ಚಿಬಿಡ್ತಿದ್ದೆ. ಕಿಟಕಿ ತೆಗೆದು ನಿಮ್ಮಮ್ಮನಿಗೆ 'ಬೆಳಗಾಯ್ತಮ್ಮಾ' ಅಂತೀಯಲ್ಲ, ದಿನಾ. ಅಡುಗೆಮನೆವರೆಗೂ ಕೇಳ್ಸುತ್ತೆ. ಅದನ್ನ ನಾನು ಹೇಗೆ ನಿಲ್ಸಲಿ?"

ಹಾರ್ಲನ್‌ಗೆ ತಾನು ಹಾಗೆ ಅನ್ನುತ್ತಿದ್ದುದೇ ಗೊತ್ತಿರಲಿಲ್ಲ. ಒಳಗೆ ಹೋಗಿ, ಸಂಜೆಯವರೆಗೂ ಆ ಒಂದು ಕೊಳವೆಯನ್ನೇ ಉಜ್ಜಿದ.

ಮರುದಿನ ಬೆಳಗ್ಗೆ ಅವನು ಎದ್ದಾಗ ವರ್ನೆಲ್ ಒಂದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಉಸಿರಿನಲ್ಲಿ ಸಿಳ್ಳೆಯಿರಲಿಲ್ಲ. ಹೊರಗೆ ಗುಡ್ಡದ ಮೇಲೆ ಒಂದು ಮರ ಮೆಲ್ಲನೆ ಹೊಗೆ ಬಿಟ್ಟಿತು. ಅವನ ಕೈ ತಾನಾಗಿಯೇ ಕಿಟಕಿಯ ಚಿಲಕದ ಮೇಲೆ ಹೋಗಿ, ಅಲ್ಲೇ ನಿಂತಿತು. ಕೈ ಇಳಿಸಿದ.

"ಹೇಳೋ," ಎಂದಳು ಹಿಂದಿನಿಂದ ವರ್ನೆಲ್, ಕಣ್ಣು ಮುಚ್ಚಿಕೊಂಡೇ. "ಗಾಜು ಮುಚ್ಚಿದ್ರೂ ಅವರಿಗೆ ಕೇಳ್ಸುತ್ತೆ."

ಹಾರ್ಲನ್ ತಣ್ಣನೆಯ ಗಾಜಿಗೆ ಹಣೆ ತಾಗಿಸಿ ನಿಂತ.

"ಬೆಳಗಾಯ್ತಮ್ಮಾ," ಎಂದ.